ಫಾಯಿಲ್‌ನ ಮಂಕು ಬದಿಯಲ್ಲಿ ಕರೆಂಟ್ ಹರಿಯಲ್ವಾ?

ನಮಸ್ಕಾರ. ಮಗಳ ಶಾಲೆ ಪ್ರಾಜೆಕ್ಟಿಗೆ ಚಪಾತಿ ಸುತ್ತುವ ಅಲ್ಯೂಮಿನಿಯಂ ಫಾಯಿಲನ್ನು ರಟ್ಟಿಗೆ ಅಂಟಿಸಿದ್ದೀರಿ, ಎಲ್‌ಇಡಿ ಉರಿದು ಉರಿದು ಆರುತ್ತಿದೆ, ಮಂಕು ಬದಿ ಮೇಲೆ ಬಂದಿದ್ದಕ್ಕೆ ಹೀಗಾ ಅಂತ ಕೇಳಿದ್ದೀರಿ.

ಬದಿಯ ತಪ್ಪಲ್ಲ. ಕಾರ್ಖಾನೆಯಲ್ಲಿ ಕೊನೆಯ ಸಲ ಎರಡು ಹಾಳೆ ಜೋಡಿಸಿ ರೋಲರ್‌ಗೆ ಕೊಡುತ್ತಾರೆ. ರೋಲರ್ ತಾಗಿದ ಬದಿ ಹೊಳೆಯುತ್ತದೆ, ಹಾಳೆಗೆ ಹಾಳೆ ತಾಗಿದ್ದು ಮಂಕಾಗುತ್ತದೆ. ಕರೆಂಟಿಗೆ ಎರಡೂ ಒಂದೇ.

ಫಾಯಿಲ್ ಒಳ್ಳೆಯ ವಾಹಕವೇ. ಅಲ್ಯೂಮಿನಿಯಂ ತಾಮ್ರದ ಸುಮಾರು 60% ಮಟ್ಟಿಗೆ ಕರೆಂಟ್ ಒಯ್ಯುತ್ತದೆ. 11 ಮೈಕ್ರಾನ್ ದಪ್ಪ, 1 ಸೆಂ.ಮೀ. ಅಗಲ, 30 ಸೆಂ.ಮೀ. ಉದ್ದದ ಪಟ್ಟಿಯ ರೋಧ, ಅಂದರೆ ಕರೆಂಟಿಗೆ ಅದು ಒಡ್ಡುವ ಅಡ್ಡಿ, 0.1 ಓಮ್ ಕೂಡ ಆಗುವುದಿಲ್ಲ. ಎಲ್‌ಇಡಿಗೆ ಇದು ಲೆಕ್ಕಕ್ಕೇ ಇಲ್ಲ.

ತೊಂದರೆ ಇರುವುದು ಜೋಡಣೆಯಲ್ಲಿ. ಗಾಳಿ ತಾಗಿದ ಕೂಡಲೇ ಅಲ್ಯೂಮಿನಿಯಂ ಮೇಲೆ ಆಕ್ಸೈಡ್ ಪದರ ಕೂರುತ್ತದೆ. ಕಣ್ಣಿಗೆ ಕಾಣದಷ್ಟು ತೆಳು, ಆದರೆ ಕರೆಂಟ್ ಬಿಡುವುದಿಲ್ಲ. ಡೊಂಬಿವಲಿಯ ನಮ್ಮ ಮನೆಯಲ್ಲಿ ರೋಧ ಅಳೆಯುವ ಮಲ್ಟಿಮೀಟರ್ ಹಿಡಿದು ನೋಡಿದ್ದೇನೆ. ಅದರ ಕಡ್ಡಿ ಸುಮ್ನೆ ತಾಗಿಸಿದರೆ ಅಂಕಿ ಕುಣಿಯುತ್ತದೆ, ಒತ್ತಿ ಸ್ವಲ್ಪ ಗೀರಿದರೆ ತಟ್ಟನೆ ನಿಲ್ಲುತ್ತದೆ. ಎರಡು ಪಟ್ಟಿ ನಡುವೆ ಫೆವಿಕಾಲ್ ಹಚ್ಚಿದ್ದರಂತೂ ದಾರಿಯೇ ಬಂದ್.

ಆದ್ದರಿಂದ ಪಟ್ಟಿ ತುಂಡು ಮಾಡಬೇಡಿ, ತಿರುವಿನಲ್ಲಿ ಮಡಚಿ. ಎಲ್‌ಇಡಿ ಕಾಲಿಗೆ ಫಾಯಿಲ್ ಮೂರು ಸುತ್ತು ಸುತ್ತಿ, ಮೇಲೆ ಕ್ಲಿಪ್ ಬಿಗಿಯಿರಿ. ಸಾಮಾನ್ಯ ಸಾಲ್ಡರ್ (ಬೆಸುಗೆ) ಇದಕ್ಕೆ ಹಿಡಿಯುವುದಿಲ್ಲ, ಅದಕ್ಕೆ ಹೊತ್ತು ಕಳೆಯಬೇಡಿ. ಬೆಸುಗೆ ಬೇಕೇ ಬೇಕು ಅಂದರೆ ನಿಮ್ಮ ಪುಣೆಯ ಬುಧವಾರ್ ಪೇಟೆಯಲ್ಲಿ ತಾಮ್ರದ ಟೇಪ್ ವಿಚಾರಿಸಿ.

ಮಗು ಬ್ಯಾಟರಿ ಸೆಲ್‌ನಲ್ಲಿ ಮಾತ್ರ ಮಾಡಲಿ. ಫಾಯಿಲನ್ನು ಗೋಡೆಯ ಪ್ಲಗ್ ಹತ್ತಿರ ಒಯ್ಯಲು ದಯವಿಟ್ಟು ಬಿಡಬೇಡಿ.