ಖಜಾನೆಯ ಬೀಗದ ಕೈ ಯಾರಿಗೆ?

ಪ್ರಶ್ನೆ: ಪ್ಯಾಲೆಸ್ಟೀನಿನಲ್ಲಿ ಪ್ರಜಾಪ್ರಭುತ್ವ ಬೇಕು ಅಂತ ಅಮೆರಿಕ, ಯುರೋಪ್ ಸದಾ ಹೇಳುತ್ತವೆ. 2006ರಲ್ಲಿ ಹಮಾಸ್ ಗೆದ್ದ ಕೂಡಲೇ ಅವರೇ ನೆರವು ನಿಲ್ಲಿಸಿದರಂತೆ. ಇದು ಇಬ್ಬಗೆ ನೀತಿ ಅಲ್ವಾ? ಅಥವಾ ಬಾಂಬ್ ಹಾಕುವವರಿಗೆ ದುಡ್ಡು ಕೊಡದಿದ್ದರೆ ತಪ್ಪೇನು?
– ಓದುಗರು, ಧಾರವಾಡ

ಉತ್ತರ: ನಿಮ್ಮ ಕೊನೆಯ ಮಾತಿನಿಂದಲೇ ಶುರು ಮಾಡುತ್ತೇನೆ. ನೆರವು ಯಾರಿಗೆ ಕೊಡಬೇಕು ಅನ್ನುವುದು ಕೊಡುವವರ ಇಷ್ಟ. ಹಮಾಸ್ ಬಸ್ಸುಗಳಲ್ಲಿ, ಹೋಟೆಲುಗಳಲ್ಲಿ ಆತ್ಮಾಹುತಿ ದಾಳಿ ಮಾಡಿಸಿದ ಸಂಘಟನೆ. ಐರೋಪ್ಯ ಒಕ್ಕೂಟ 2003ರಲ್ಲೇ ಅದನ್ನು ಭಯೋತ್ಪಾದಕರ ಪಟ್ಟಿಗೆ ಸೇರಿಸಿತ್ತು. ಅಂಥವರು ಗೆದ್ದರೂ ದುಡ್ಡು ಕೊಡಲೇಬೇಕು ಅನ್ನುವ ಕಾನೂನು ಎಲ್ಲೂ ಇಲ್ಲ. ವಿಷಯ ಇಷ್ಟೇ ಆಗಿದ್ದರೆ ನಾನು ಇಬ್ಬಗೆ ನೀತಿ ಅನ್ನುತ್ತಿರಲಿಲ್ಲ.

ಆದರೆ ನಿಂತದ್ದು ನೆರವು ಮಾತ್ರ ಅಲ್ಲ. ಪ್ಯಾಲೆಸ್ಟೀನಿಯನ್ನರು ಆಮದು ಮಾಡಿಕೊಳ್ಳುವ ಸರಕಿನ ಮೇಲಿನ ಸುಂಕವನ್ನು ಇಸ್ರೇಲ್ ವಸೂಲಿ ಮಾಡಿ, ತಿಂಗಳು ತಿಂಗಳು ಅವರಿಗೆ ದಾಟಿಸಬೇಕು. 1994ರ ಪ್ಯಾರಿಸ್ ಒಪ್ಪಂದದಲ್ಲಿ ಆದ ಮಾತು ಅದು. ಹಮಾಸ್ ಗೆದ್ದ ಮೇಲೆ ಇಸ್ರೇಲ್ ಆ ಹಣವನ್ನೂ ಹಿಡಿದಿಟ್ಟುಕೊಂಡಿತು. ತಿಂಗಳಿಗೆ ಸುಮಾರು 5 ಕೋಟಿ ಡಾಲರ್. ಅದು ದಾನವಲ್ಲ, ಅವರದೇ ದುಡ್ಡು.

ಇನ್ನು ಇಬ್ಬಗೆ ನೀತಿ ನನಗೆ ಎದ್ದು ಕಾಣುವ ಜಾಗ ಹೇಳುತ್ತೇನೆ. ಅದಕ್ಕೆ 2002ಕ್ಕೆ ಹೋಗಬೇಕು. ಆಗ ಪ್ಯಾಲೆಸ್ಟೀನಿಯನ್ನರ ಅಧ್ಯಕ್ಷ ಯಾಸರ್ ಅರಾಫತ್. 1996ರ ಚುನಾವಣೆಯಲ್ಲಿ ಗೆದ್ದು ಬಂದವರು. ಪೊಲೀಸು, ಖಜಾನೆ ಎಲ್ಲ ಅವರ ಮುಷ್ಟಿಯಲ್ಲಿ. ಆ ವರ್ಷ ಜೂನ್ 24ರಂದು ಅಮೆರಿಕದ ಅಧ್ಯಕ್ಷ ಬುಷ್ ಭಾಷಣ ಮಾಡಿ, ಪ್ಯಾಲೆಸ್ಟೀನಿಯನ್ನರಿಗೆ ಹೊಸ ನಾಯಕರು ಬೇಕು ಅಂದರು. ಅರಾಫತ್ ಕೈಯಿಂದ ಅಧಿಕಾರ ಬಿಡಿಸಬೇಕು, ಬಲವಾದ ಪ್ರಧಾನಿ ಹುದ್ದೆ ಬೇಕು ಅಂತ ಒತ್ತಡ ಬಿತ್ತು. 2003ರಲ್ಲಿ ಪ್ಯಾಲೆಸ್ಟೀನಿಯನ್ನರ ಮೂಲ ಕಾನೂನನ್ನೇ, ಅಂದರೆ ಅವರ ಸಂವಿಧಾನದಂಥದ್ದನ್ನೇ, ತಿದ್ದಿ ಆ ಹುದ್ದೆ ಮಾಡಿದರು. ಮೊದಲ ಪ್ರಧಾನಿ ಮಹಮೂದ್ ಅಬ್ಬಾಸ್. ಹಿಂದೆ ಐಎಂಎಫ್‌ನಲ್ಲಿದ್ದ ಸಲಾಂ ಫಯ್ಯಾದ್ ಹಣಕಾಸು ಸಚಿವರಾಗಿ, ಅಲ್ಲಿ ಇಲ್ಲಿ ಚದುರಿದ್ದ ಸರ್ಕಾರಿ ಹಣವನ್ನೆಲ್ಲ ಒಂದೇ ಖಾತೆಗೆ ತಂದರು. ಒಳ್ಳೆಯ ಕೆಲಸವೇ. ಅರಾಫತ್ ಕಾಲದ ಭ್ರಷ್ಟಾಚಾರ ನೋಡಿ ರೋಸಿಹೋಗಿದ್ದ ಪ್ಯಾಲೆಸ್ಟೀನಿಯನ್ನರಿಗೂ ಅದು ಬೇಕಾಗಿತ್ತು.

ಮೂರು ವರ್ಷದ ಮೇಲೆ ಅದೇ ಪ್ರಧಾನಿ ಕುರ್ಚಿಯಲ್ಲಿ ಹಮಾಸ್‌ನ ಇಸ್ಮಾಯಿಲ್ ಹನಿಯೆ ಬಂದು ಕೂತರು. ಅಧ್ಯಕ್ಷರಾಗಿದ್ದವರು ಅಬ್ಬಾಸ್. ಈಗ ಮಂತ್ರ ಉಲ್ಟಾ ಆಯಿತು. ಅಧ್ಯಕ್ಷರ ಕೈ ಬಲಪಡಿಸಬೇಕು, ಪ್ರಧಾನಿಯನ್ನು ಬದಿಗಿಡಬೇಕು! ದುಡ್ಡು ಅಧ್ಯಕ್ಷರ ಕಚೇರಿ ಮೂಲಕ ಬರತೊಡಗಿತು. ಯುರೋಪಿನವರು ಆರೋಗ್ಯ, ಇಂಧನ, ಭತ್ಯೆಗಳಿಗೆ ಸರ್ಕಾರವನ್ನು ಬಳಸದೇ ಹಣ ಕೊಡುವ ಬೇರೆ ವ್ಯವಸ್ಥೆಯನ್ನೇ ಕಟ್ಟಿದರು. ಅಧ್ಯಕ್ಷರ ಕಾವಲು ಪಡೆಗೆ ಅಮೆರಿಕದ ಬೆಂಬಲ ಬಂತು. ಕಷ್ಟಪಟ್ಟು ಮಾಡಿದ ಒಂದೇ ಖಾತೆ ಖಾಲಿ ಬಿತ್ತು.

ನೆರವು ಕೊಡಲ್ಲ ಅನ್ನುವುದು ಒಂದು. ಗೆದ್ದವರ ಮುಖ ನೋಡಿ ಬೀಗದ ಕೈಯನ್ನು ಒಂದು ಸಲ ಪ್ರಧಾನಿಗೆ, ಒಂದು ಸಲ ಅಧ್ಯಕ್ಷರಿಗೆ ಕೊಡಿಸುವುದು ಇನ್ನೊಂದು. ಎರಡನೆಯದಕ್ಕೆ ನನ್ನ ತಕರಾರು.

ಪ್ರಶ್ನೆ: ಹಮಾಸ್‌ಗೆ ನಿಜವಾಗಲೂ ಅಷ್ಟು ಜನಬೆಂಬಲ ಇತ್ತಾ? ಚುನಾವಣೆ ಸರಿಯಾಗಿ ನಡೆದಿತ್ತಾ?
– ಓದುಗರು, ಹಾಸನ

ಉತ್ತರ: ಸರಿಯಾಗಿಯೇ ನಡೆದಿತ್ತು. ಅಮೆರಿಕದ ಮಾಜಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಅವರ ತಂಡವೂ ಐರೋಪ್ಯ ಒಕ್ಕೂಟದ ತಂಡವೂ ಸ್ಥಳದಲ್ಲಿದ್ದು ನೋಡಿ ಮೆಚ್ಚಿದ್ದವು.

ಬೆಂಬಲದ ಮಾತು ಬೇರೆ. ಒಟ್ಟು 132 ಸ್ಥಾನ. ಅರ್ಧ ಪಕ್ಷಗಳ ಪಟ್ಟಿಗೆ ಬಿದ್ದ ಮತದ ಪ್ರಮಾಣದಲ್ಲಿ ಹಂಚಿಕೆ, ಇನ್ನರ್ಧ ಜಿಲ್ಲಾವಾರು ಸ್ಪರ್ಧೆ. ಪಟ್ಟಿಯಲ್ಲಿ ಹಮಾಸ್‌ಗೆ ಶೇ 44, ಅರಾಫತ್, ಅಬ್ಬಾಸ್ ಅವರ ಪಕ್ಷವಾದ ಫತಾಗೆ ಶೇ 41. ಸೀಟು 29 ಮತ್ತು 28. ಸಮಸಮ ಅಂತಲೇ ಅನ್ನಬಹುದು. ಜಿಲ್ಲೆಗಳಲ್ಲಿ ಮಾತ್ರ ಹಮಾಸ್ 45, ಫತಾ ಬರೀ 17. ಕಾರಣ ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ: ಬಂಡಾಯ ಅಭ್ಯರ್ಥಿಗಳು. ಟಿಕೆಟ್ ಸಿಗದ ಫತಾ ಮುಖಂಡರು ಪಕ್ಷೇತರರಾಗಿ ನಿಂತು ತಮ್ಮವರದೇ ಮತ ಒಡೆದರು. ಹೀಗೆ ಶೇ 3ರ ಅಂತರ 74–45ರ ಬಹುಮತವಾಯಿತು. ಜನರೆಲ್ಲ ಹಮಾಸ್‌ನ ದಾರಿಗೆ ಓಟು ಹಾಕಿದರು ಅನ್ನುವುದು ಪೂರ್ತಿ ನಿಜ ಅಲ್ಲ.

ಪ್ರಶ್ನೆ: ಹಮಾಸ್ ಏನು ಪ್ರಜಾಪ್ರಭುತ್ವದ ಪಕ್ಷವೇ? 2007ರ ನಂತರ ಗಾಜಾದಲ್ಲಿ ಅವರು ಚುನಾವಣೆ ನಡೆಸಿದ್ದಾರಾ?
– ಓದುಗರು, ಮಂಗಳೂರು

ಉತ್ತರ: ಇಲ್ಲ. 2007ರ ಜೂನ್‌ನಲ್ಲಿ ಬಂದೂಕು ಹಿಡಿದು ಫತಾ ಪಡೆಗಳಿಂದ ಗಾಜಾವನ್ನು ವಶಕ್ಕೆ ತೆಗೆದುಕೊಂಡ ಮೇಲೆ ಹಮಾಸ್ ಅಲ್ಲಿ ಸ್ಥಳೀಯ ಸಂಸ್ಥೆಗೂ ಚುನಾವಣೆ ನಡೆಸಲಿಲ್ಲ. ವಿರೋಧಿಗಳನ್ನು ಹೇಗೆ ನಡೆಸಿಕೊಂಡರು ಅನ್ನುವುದೂ ಗೊತ್ತಿರುವುದೇ.

ಆದರೆ ಇಲ್ಲೊಂದು ತಮಾಷೆ ಇದೆ, ಕೇಳಿ. 2006ರಲ್ಲಿ ಅಮೆರಿಕದ ಕಾನೂನಿಗೆ ಹೆದರಿ ಬ್ಯಾಂಕುಗಳು ಹಮಾಸ್ ಸರ್ಕಾರಕ್ಕೆ ಹಣ ದಾಟಿಸುತ್ತಿರಲಿಲ್ಲ. ಮೇಷ್ಟ್ರುಗಳಿಗೆ, ನರ್ಸುಗಳಿಗೆ ತಿಂಗಳುಗಟ್ಟಲೆ ಪೂರ್ತಿ ಸಂಬಳ ಇಲ್ಲ. ಸೆಪ್ಟೆಂಬರ್‌ನಲ್ಲಿ ಶಾಲೆ ಶುರುವಾಗುವ ಹೊತ್ತಿಗೆ ಮೇಷ್ಟ್ರುಗಳು ಮುಷ್ಕರ ಕೂತರು. ಆ ಡಿಸೆಂಬರ್‌ನಲ್ಲಿ ಪ್ರಧಾನಿ ಹನಿಯೆ ವಿದೇಶ ಪ್ರವಾಸ ಮುಗಿಸಿ, ಸುಮಾರು 3.5 ಕೋಟಿ ಡಾಲರ್ ನಗದು ಹಿಡಿದು ಗಾಜಾ–ಈಜಿಪ್ಟ್ ನಡುವಿನ ರಫಾ ಗಡಿಗೆ ಬಂದರು. ಇಸ್ರೇಲ್ ಗಡಿ ಮುಚ್ಚಿಸಿತು. ಗಂಟೆಗಟ್ಟಲೆ ಕಾದ ಮೇಲೆ, ದುಡ್ಡನ್ನು ಈಜಿಪ್ಟ್ ಕಡೆಯೇ ಬಿಟ್ಟು ಒಳಗೆ ಬರಬೇಕಾಯಿತು.

ಹನ್ನೆರಡು ವರ್ಷ ಕಳೆಯಿತು. 2018ರ ನವೆಂಬರ್‌ನಲ್ಲಿ ಕತಾರ್‌ನ ರಾಯಭಾರಿ 1.5 ಕೋಟಿ ಡಾಲರ್ ನಗದನ್ನು ಸೂಟ್‌ಕೇಸುಗಳಲ್ಲಿ ತುಂಬಿಕೊಂಡು ಗಾಜಾಕ್ಕೆ ಬಂದರು. ಹಮಾಸ್ ಆಡಳಿತದ ನೌಕರರ ಸಂಬಳಕ್ಕೆ. ಈ ಸಲ ದುಡ್ಡು ಬಂದದ್ದು ಇಸ್ರೇಲಿನ ನೆಲದ ಮೇಲೆಯೇ, ನೆತನ್ಯಾಹು ಸರ್ಕಾರದ ಒಪ್ಪಿಗೆಯಿಂದಲೇ. ಓಟು ಪಡೆದು ಬಂದ ಹಮಾಸ್‌ನ ದುಡ್ಡು ಗಡಿಯಲ್ಲಿ ನಿಂತಿತು. ಓಟಿನ ಗೊಡವೆ ಬಿಟ್ಟ ಹಮಾಸ್‌ಗೆ ದುಡ್ಡು ದಾಟಿತು.

ಪ್ರಶ್ನೆ: ಅಬ್ಬಾಸ್ ಅವಧಿ ಯಾವತ್ತೋ ಮುಗಿದಿದೆ. ಅವರನ್ನು ಯಾಕೆ ಯಾರೂ ಕೇಳುವುದಿಲ್ಲ? ಮತ್ತೆ ಚುನಾವಣೆ ನಡೆಯುತ್ತಾ?
– ಓದುಗರು, ಬೆಂಗಳೂರು

ಉತ್ತರ: 2005ರ ಜನವರಿಯಲ್ಲಿ ನಾಲ್ಕು ವರ್ಷಕ್ಕೆ ಆಯ್ಕೆಯಾದವರು ಅವರು. 2018ರಲ್ಲಿ ಸಂಸತ್ತೂ ವಿಸರ್ಜನೆ ಆಯಿತು. 2021ರ ಮೇ 22ಕ್ಕೆ ಚುನಾವಣೆ ಗೊತ್ತಾಗಿ, 36 ಪಟ್ಟಿಗಳು ಕಣಕ್ಕಿಳಿದಿದ್ದವು. ಇನ್ನು ಮೂರೇ ವಾರ ಅನ್ನುವಾಗ ಅಬ್ಬಾಸ್ ಮುಂದೂಡಿದರು. ಹೇಳಿದ ಕಾರಣ ಇಸ್ರೇಲಿನ ಹಿಡಿತದಲ್ಲಿರುವ ಪೂರ್ವ ಜೆರುಸಲೇಂ. ಅಲ್ಲಿನ ಪ್ಯಾಲೆಸ್ಟೀನಿಯನ್ನರು ಓಟು ಹಾಕುವುದು ಇಸ್ರೇಲಿನ ಅಂಚೆ ಕಚೇರಿಗಳಲ್ಲಿ, ಕಾಗದ ಪೋಸ್ಟ್ ಮಾಡಿದ ಹಾಗೆ. ಅದಕ್ಕೆ ಇಸ್ರೇಲ್ ಒಪ್ಪಿಗೆ ಕೊಟ್ಟಿರಲಿಲ್ಲ. ಕಾರಣ ಸುಳ್ಳಲ್ಲ. ಆದರೆ ಫತಾ ಮೂರು ಹೋಳಾಗಿತ್ತು, ಸೋಲಿನ ಭಯವೂ ಇತ್ತು.

ಐರೋಪ್ಯ ಒಕ್ಕೂಟ ಬೇಸರದ ಹೇಳಿಕೆ ಕೊಟ್ಟು ಸುಮ್ಮನಾಯಿತು. ಅದೇ ವರ್ಷದ ಅವರ ನೆರವು ಮುಂದಿನ ವರ್ಷದ ಜೂನ್‌ವರೆಗೆ ತಡವಾದದ್ದು ನಿಜ. ಆದರೆ ಅದು ಶಾಲಾ ಪಠ್ಯಪುಸ್ತಕಗಳ ಜಗಳಕ್ಕೆ, ಚುನಾವಣೆ ನಿಂತದ್ದಕ್ಕಲ್ಲ.

ಈಗಿನ ಮಾತು ಇನ್ನೊಂದು ತರಹ. ಪ್ಯಾಲೆಸ್ಟೀನಿಗೆ ಮಾನ್ಯತೆ ಕೊಡುವ ಮುಂಚೆ, 2025ರ ಜುಲೈನಲ್ಲಿ ಕೆನಡಾದ ಪ್ರಧಾನಿ ಮಾರ್ಕ್ ಕಾರ್ನಿ ಷರತ್ತು ಹೇಳಿದರು: 2026ರಲ್ಲಿ ಚುನಾವಣೆ ನಡೆಯಬೇಕು, ಹಮಾಸ್ ಅದರಲ್ಲಿ ಇರಬಾರದು. ಒಂದು ಲೆಕ್ಕದಲ್ಲಿ ಇದು 2006ಕ್ಕಿಂತ ವಾಸಿ, ಮುಂಚೆಯೇ ಹೇಳಿದ್ದಾರೆ. ಆಗ ಅಮೆರಿಕವೇ ಇಸ್ರೇಲಿನ ಆಕ್ಷೇಪ ಬದಿಗಿಟ್ಟು ಹಮಾಸ್‌ಗೆ ಸ್ಪರ್ಧಿಸಲು ಬಿಟ್ಟಿತ್ತು, ಫತಾ ಗೆಲ್ಲುತ್ತದೆ ಅನ್ನುವ ಧೈರ್ಯದಲ್ಲಿ. ನೆರವಿಗೆ ಷರತ್ತು ಬಂದದ್ದು ಮತ ಎಣಿಕೆ ಮುಗಿದ ಮೇಲೆ.

ಆದರೆ ಹಮಾಸ್ ಹೊರಗಿದ್ದರೆ ಎಲ್ಲ ಸಲೀಸು ಅಂದುಕೊಳ್ಳಬೇಡಿ. ಜನಾಭಿಪ್ರಾಯ ಸಮೀಕ್ಷೆಗಳಲ್ಲಿ ವರ್ಷಗಳಿಂದ ಅಬ್ಬಾಸ್‌ಗಿಂತ ಮುಂದಿರುವವರು ಫತಾದವರೇ ಆದ ಮರ್ವಾನ್ ಬರ್ಗೂತಿ. 2002ರಿಂದ ಇಸ್ರೇಲಿನ ಜೈಲಿನಲ್ಲಿದ್ದಾರೆ. 2025ರ ಅಕ್ಟೋಬರ್‌ನಲ್ಲಿ ಒತ್ತೆಯಾಳುಗಳಿಗೆ ಬದಲಾಗಿ ಕೈದಿಗಳನ್ನು ಬಿಟ್ಟಾಗ ಅವರನ್ನು ಬಿಡಲಿಲ್ಲ.