ಕಾರುಗಳ ಸಂದಿಯಲ್ಲಿ ಬೈಕು: ಕಾನೂನು ಒಪ್ಪಿದರೆ ಸಾಕೇ?

ಪ್ರಶ್ನೆ: ನನ್ನ ತಮ್ಮ ಕ್ಯಾಲಿಫೋರ್ನಿಯಾದಲ್ಲಿದ್ದಾನೆ. ಬೈಕಿನಲ್ಲಿ ಕೆಲಸಕ್ಕೆ ಹೋಗುತ್ತಾನೆ. ಫ್ರೀವೇಯಲ್ಲಿ ಕಾರುಗಳು ನಿಧಾನವಾದಾಗ ಎರಡು ಸಾಲಿನ ಮಧ್ಯೆ ನುಸುಳಿಕೊಂಡು ಹೋಗುವ ವಿಡಿಯೊ ಕಳಿಸಿದ್ದ. ಬೈದರೆ, "ಇಲ್ಲಿ ಅದಕ್ಕೆ ಕಾನೂನೇ ಇದೆ ಅಕ್ಕಾ, ಕಾರಿನ ಹಿಂದೆ ನಿಲ್ಲೋದೇ ಅಪಾಯ" ಅನ್ನುತ್ತಾನೆ. ನಿಜವೇ? ಸದ್ಯದಲ್ಲೇ ಗೆಳೆಯರ ಜೊತೆ ಬೈಕಿನಲ್ಲಿ ಲಾಸ್ ವೇಗಸ್‌ಗೆ ಬೇರೆ ಹೊರಟಿದ್ದಾನೆ. – ಓದುಗರೊಬ್ಬರು

ಉತ್ತರ: ಕಾನೂನಿನ ವಿಚಾರದಲ್ಲಿ ನಿಮ್ಮ ತಮ್ಮ ಹೇಳಿದ್ದು ಸರಿ. ಇದಕ್ಕೆ ಲೇನ್ ಸ್ಪ್ಲಿಟಿಂಗ್ ಅನ್ನುತ್ತಾರೆ. ಕ್ಯಾಲಿಫೋರ್ನಿಯಾದಲ್ಲಿ ಮೊದಲಿನಿಂದಲೂ ಇದಕ್ಕೆ ನಿಷೇಧ ಇರಲಿಲ್ಲ. 2016ರಲ್ಲಿ ಮಸೂದೆ ಪಾಸಾಗಿ, 2017ರ ಜನವರಿಯಿಂದ ಕಾನೂನಿನ ಪುಸ್ತಕಕ್ಕೇ ಸೇರಿತು. ಬೈಕಿಗೆ ಅಡ್ಡ ಬರಬೇಕೆಂದೇ ಕಾರು ಸರಿಸುವುದು, ಬಾಗಿಲು ತೆಗೆಯುವುದು ಅಲ್ಲಿ ತಪ್ಪು. ಆದರೆ ಎಷ್ಟು ವೇಗದಲ್ಲಿ ನುಸುಳಬಹುದು ಎಂದು ಆ ಕಾನೂನು ಅಂಕಿಯಲ್ಲಿ ಹೇಳಿಲ್ಲ. ನನ್ನ ತಕರಾರು ಇಲ್ಲೇ ಶುರುವಾಗುತ್ತದೆ.

"ನಿಲ್ಲೋದೇ ಅಪಾಯ" ಅನ್ನುವ ಮಾತಿಗೂ ಸ್ವಲ್ಪ ಆಧಾರ ಇದೆ. ಬರ್ಕ್ಲಿಯ ವಿಶ್ವವಿದ್ಯಾಲಯದವರು ಆ ರಾಜ್ಯದ ಸುಮಾರು 6,000 ಬೈಕ್ ಅಪಘಾತಗಳನ್ನು ನೋಡಿ 2015ರಲ್ಲಿ ವರದಿ ಕೊಟ್ಟರು. ಅಪಘಾತವಾದಾಗ ಸಂದಿಯಲ್ಲಿದ್ದವರ ಪೈಕಿ ತಲೆಗೆ ಪೆಟ್ಟಾದದ್ದು ಶೇ. 9ರಷ್ಟು ಮಂದಿಗೆ, ಉಳಿದವರಲ್ಲಿ ಶೇ. 17ರಷ್ಟು ಮಂದಿಗೆ. ಹಿಂದಿನಿಂದ ಗುದ್ದಿಸಿಕೊಂಡದ್ದೂ ಸಂದಿಯವರೇ ಕಡಿಮೆ. ಬೈಕಿನವರು ಸಾಮಾನ್ಯವಾಗಿ ಇಷ್ಟು ಹೇಳಿ ಸುಮ್ಮನಾಗುತ್ತಾರೆ! ಅದೇ ವರದಿಯಲ್ಲಿ ಇನ್ನೊಂದು ಲೆಕ್ಕ ಇದೆ: ತಾವೇ ಹೋಗಿ ಮುಂದಿನ ಗಾಡಿಗೆ ಗುದ್ದಿದವರು ಸಂದಿಯವರಲ್ಲಿ ಶೇ. 38, ಉಳಿದವರಲ್ಲಿ ಶೇ. 16. ಜೊತೆಗೆ, ನುಸುಳುತ್ತಿದ್ದವರು ಹೆಚ್ಚಾಗಿ ಕೆಲಸಕ್ಕೆ ಹೋಗಿಬರುವವರು, ಒಳ್ಳೆಯ ಹೆಲ್ಮೆಟ್ ಹಾಕಿದವರು, ಕಡಿಮೆ ವೇಗದಲ್ಲಿದ್ದವರು. ಪೆಟ್ಟು ಕಡಿಮೆಯಾದದ್ದರ ಪುಣ್ಯವೆಲ್ಲ ಸಂದಿಗೇ ಸೇರಬೇಕೆಂದಿಲ್ಲ, ಅಲ್ವಾ?

ಆ ವರದಿಯ ಮುಖ್ಯ ಮಾತು ವೇಗದ ಅಂತರದ್ದು. ಸುತ್ತಲಿನ ಗಾಡಿಗಳು ಗಂಟೆಗೆ 80 ಕಿ.ಮೀ. ಒಳಗಿರಬೇಕು, ಬೈಕಿನ ವೇಗ ಅವುಗಳ ವೇಗಕ್ಕಿಂತ ಹೆಚ್ಚೆಂದರೆ 24 ಕಿ.ಮೀ. ಮಾತ್ರ ಜಾಸ್ತಿ ಇರಬೇಕು. ಅದು ಮೀರಿದರೆ ಪೆಟ್ಟು ಹೆಚ್ಚುತ್ತದೆ. ಕಾರಣ ಸರಳ. ಅಷ್ಟು ಅಂತರದಲ್ಲಿ ಬೈಕು ಕಾರುಗಳನ್ನು ಸೆಕೆಂಡಿಗೆ ಏಳು ಮೀಟರಿನಷ್ಟು ಹಿಂದೆ ಹಾಕುತ್ತದೆ, ಅಂದರೆ ಒಂದೂವರೆ ಕಾರಿನ ಉದ್ದ. ಅಪಾಯ ಕಂಡು ಬ್ರೇಕಿಗೆ ಕೈ ಹೋಗಲು ಸುಮಾರು ಒಂದು ಸೆಕೆಂಡು ಬೇಕೇ ಬೇಕು. ಅಂತರ 50 ಆದರೆ ಆ ಒಂದು ಸೆಕೆಂಡಿನಲ್ಲೇ ಮೂರು ಕಾರು ದಾಟಿರುತ್ತದೆ. ಮೂರರಲ್ಲಿ ಯಾವುದಾದರೂ ಒಂದು ಪಕ್ಕಕ್ಕೆ ಸರಿದರೂ ಕೆಲಸ ಕೆಟ್ಟಿತು.

ಆದ್ದರಿಂದ ತಮ್ಮನನ್ನು ಸುಮ್ನೆ ಬೈಯಬೇಡಿ. "ಕಾರು ಇಪ್ಪತ್ತರಲ್ಲಿ ಹೋಗುವಾಗ ನೀನು ಎಷ್ಟರಲ್ಲಿ ಹೋಗ್ತೀಯ?" ಅಂತ ಕೇಳಿ. ಪಕ್ಕದ ಸಾಲಿನಲ್ಲಿ ಒಂದು ಕಾರಿನಷ್ಟು ಜಾಗ ಖಾಲಿ ಕಂಡರೆ ಏನು ಮಾಡ್ತೀಯ ಅಂತಲೂ ಕೇಳಿ. ನಿಧಾನ ಮಾಡ್ತೀನಿ ಅಂದರೆ ಅವನಿಗೆ ವಿಷಯ ಗೊತ್ತಿದೆ. ಆ ಖಾಲಿ ಜಾಗಕ್ಕೆ ನುಗ್ಗಲು ಪಕ್ಕದವನು ಕಾಯುತ್ತಿರುತ್ತಾನೆ, ಇಂಡಿಕೇಟರ್ ಹಾಕುತ್ತಾನೆಂದು ನಂಬುವಂತಿಲ್ಲ. ಲಾರಿ, ಬಸ್ಸಿನ ಪಕ್ಕವಂತೂ ಬೇಡವೇ ಬೇಡ.

ಇನ್ನು ಲಾಸ್ ವೇಗಸ್. ಅದು ನೆವಾಡ ರಾಜ್ಯ. ಗಡಿ ದಾಟಿದ ಕೂಡಲೇ ಈ ನುಸುಳಾಟ ಕಾನೂನುಬಾಹಿರ. ರಸ್ತೆ ಅದೇ, ಬೈಕು ಅದೇ, ಆದರೆ ಪೊಲೀಸರು ದಂಡ ಹಾಕಬಹುದು. ಅಲ್ಲಿಂದ ಯೂಟಾಗೋ ಅರಿಜೋನಾಗೋ ಹೋದರೆ ನಿಯಮ ಮತ್ತೆ ಬೇರೆ. ಯೂಟಾ 2019ರಲ್ಲಿ, ಅರಿಜೋನಾ 2022ರಲ್ಲಿ ಅನುಮತಿ ಕೊಟ್ಟವು, ಅದೂ ನಿಂತ ಗಾಡಿಗಳ ನಡುವೆ ಮಾತ್ರ, ಬೈಕು 24 ಕಿ.ಮೀ. ಮೀರದಂತೆ, ವೇಗಮಿತಿ 72 ಕಿ.ಮೀ. ಒಳಗಿರುವ ರಸ್ತೆಗಳಲ್ಲಿ. ಫ್ರೀವೇಯ ಅಭ್ಯಾಸ ಅಲ್ಲಿ ನಡೆಯುವುದಿಲ್ಲ.

ಗೆಳೆಯರ ಗುಂಪು ಅಂದಿದ್ದೀರಿ. ಮೊದಲ ಬೈಕಿಗೆ ಜಾಗ ಬಿಟ್ಟ ಕಾರಿನವನು, ಅದು ದಾಟಿದ ಮೇಲೆ ವಾಪಸ್ ಸಾಲಿಗೆ ಬರುತ್ತಾನೆ. ಹಿಂದೆ ಇನ್ನೂ ಬೈಕುಗಳಿವೆಯೆಂದು ಅವನಿಗೆ ಹೊಳೆಯುವುದಿಲ್ಲ. ಹಾಗಾಗಿ ಕ್ಯಾಲಿಫೋರ್ನಿಯಾದ ಒಳಗೂ ಒಬ್ಬರ ಬಾಲ ಹಿಡಿದು ಇನ್ನೊಬ್ಬರು ಸಂದಿಗೆ ನುಗ್ಗುವುದು ಬೇಡ. ಮುಂದಿನವನು ಹೋದ ಮಾತ್ರಕ್ಕೆ ತನಗೂ ದಾರಿ ಇದೆ ಅಂದುಕೊಳ್ಳದೆ, ಪ್ರತಿಯೊಬ್ಬನೂ ತನ್ನ ಜಾಗ ತಾನೇ ನೋಡಿಕೊಳ್ಳಲಿ.