ನಿಮ್ಮ ಪ್ರಶ್ನೆ, ನಮ್ಮ ಉತ್ತರ: ಹಳೇ ಕೀಬೋರ್ಡ್ ಮೊಬೈಲು

ಪ್ರಶ್ನೆ: ಅಟ್ಟದ ಪೆಟ್ಟಿಗೆಯಲ್ಲಿ ನೋಕಿಯಾ ಇ63 ಸಿಕ್ಕಿತು. ಚಾರ್ಜ್ ಆಗುತ್ತದೆ, ಎಲ್ಲ ಕೀಗಳೂ ಸರಿಯಿವೆ. ಆದರೆ ಜಿಯೋ ಸಿಮ್ ಹಾಕಿದರೆ ನೆಟ್‌ವರ್ಕ್ ಬರುತ್ತಿಲ್ಲ. ಫೋನ್ ಕೆಟ್ಟಿದೆಯೇ? ತೋಟಕ್ಕೆ ಒಯ್ಯಲು ಬೇಕಿತ್ತು.
- ಓದುಗರು, ಹೊಸನಗರ

ಉತ್ತರ: ಫೋನ್ ಕೆಟ್ಟಿಲ್ಲ. ಜಿಯೋಗೆ 2ಜಿಯೂ ಇಲ್ಲ, 3ಜಿಯೂ ಇಲ್ಲ. ಕರೆ ಕೂಡ 4ಜಿ ಮೇಲೆಯೇ ಹೋಗುತ್ತದೆ. ನಿಮ್ಮ ಫೋನು 2008ರ ಕಾಲದ್ದು, 4ಜಿ ಹಿಡಿಯುವ ಭಾಗವೇ ಅದರಲ್ಲಿಲ್ಲ. ಏರ್‌ಟೆಲ್, ವಿಐ, ಬಿಎಸ್‌ಎನ್‌ಎಲ್ ಇವುಗಳಲ್ಲಿ ಯಾವುದರದ್ದಾದರೂ 2ಜಿ, ಇಲ್ಲವೇ ಇನ್ನೂ ಉಳಿದಿದ್ದರೆ 3ಜಿ, ಸಿಗುವ ಕಡೆ ಮಾತ್ರ ಇದು ಮಾತಾಡೀತು.

ಹೊಸ ಸಿಮ್‌ಗೆ ದುಡ್ಡು ಹಾಕುವ ಮೊದಲು ಒಂದು ಪರೀಕ್ಷೆ ಮಾಡಿ. ಯಾವುದಾದರೂ ಸಿಮ್ ಹಾಕಿಕೊಂಡು ತೋಟಕ್ಕೇ ಹೋಗಿ, ಟೂಲ್ಸ್, ಸೆಟ್ಟಿಂಗ್ಸ್, ಫೋನ್, ನೆಟ್‌ವರ್ಕ್ ಎಂಬ ದಾರಿಯಲ್ಲಿ ಆಪರೇಟರ್ ಸೆಲೆಕ್ಷನ್ ತೆರೆದು ಮ್ಯಾನುಯಲ್ ಒತ್ತಿ. ಫೋನು ಹುಡುಕಿ ಪಟ್ಟಿ ಕೊಡುತ್ತದೆ. 4ಜಿ ಅದಕ್ಕೆ ಕಾಣುವುದೇ ಇಲ್ಲವಾದ್ದರಿಂದ, ಪಟ್ಟಿಯಲ್ಲಿ ಬಂದ ಕಂಪನಿಯ, ಈ ಫೋನು ಹಿಡಿಯಬಲ್ಲ ಸಿಗ್ನಲ್ ಅಲ್ಲಿಗೆ ತಲುಪುತ್ತಿದೆ ಎಂದೇ ಅರ್ಥ. ಮನೆಯಂಗಳದಲ್ಲಿ ನೋಡಿ ಸುಮ್ಮನಾಗಬೇಡಿ. ಗುಡ್ಡದ ಮರೆಯಲ್ಲಿರುವ ತೋಟದ ತಗ್ಗಿನಲ್ಲಿ ಕಥೆ ಬೇರೆ. ನಿಮ್ಮ ಊರಿನ ಹೊಸ ಟವರ್ ಬರೀ 4ಜಿಯದಾಗಿದ್ದರೆ, ಪಕ್ಕದ ಮನೆಯ ಸ್ಮಾರ್ಟ್‌ಫೋನಿನಲ್ಲಿ ಕಡ್ಡಿ ಪೂರ್ತಿ ಇದ್ದು ನಿಮ್ಮದರಲ್ಲಿ ಒಂದೂ ಇರದೆ ಹೋಗಬಹುದು.

2ಜಿ ಸಿಕ್ಕರೆ, ಸೆಟ್ಟಿಂಗ್ಸಿನ ಅದೇ ಪುಟದಲ್ಲಿ ನೆಟ್‌ವರ್ಕ್ ಮೋಡನ್ನು ಜಿಎಸ್‌ಎಂಗೆ (ಅಂದರೆ ಬರೀ 2ಜಿಗೆ) ಬದಲಿಸಿ. ಇಲ್ಲವಾದರೆ ಫೋನು 3ಜಿಗಾಗಿ ತಡಕಾಡುತ್ತಾ ಬ್ಯಾಟರಿ ತಿನ್ನುತ್ತದೆ. ಈಗಿನ ನ್ಯಾನೋ ಸಿಮ್ಮನ್ನು ಅಡಾಪ್ಟರಿನಲ್ಲಿಟ್ಟು ಹಾಕುವವರಿದ್ದಾರೆ. ತೆಗೆಯುವಾಗ ಖಾಲಿ ಅಡಾಪ್ಟರಿಗೆ ಸಿಮ್ ಪಿನ್ ಸಿಕ್ಕಿಕೊಂಡು ಮುರಿಯುತ್ತದೆ. ಮೂರೂ ಅಳತೆಗೆ ಗೀರು ಹಾಕಿದ ಹೊಸ ಸಿಮ್ ತಂದು ದೊಡ್ಡ ಅಳತೆಯಲ್ಲೇ ಬಳಸುವುದು ಲೇಸು.

ಅನುಕೂಲಗಳೂ ಇವೆ. ಕೈ ಒದ್ದೆಯಿದ್ದರೂ ಕೀ ಕೆಲಸ ಮಾಡುತ್ತದೆ. ಟಚ್ ಪರದೆ ಅಲ್ಲೇ ಸೋಲುವುದು. ಸ್ಪೇಸ್ ಕೀ ಒತ್ತಿ ಹಿಡಿದರೆ ಟಾರ್ಚ್ ಹೊತ್ತುತ್ತದೆ. ಇನ್ನು ಕೊರತೆ: ಬ್ಯಾಂಕಿನಿಂದ ಕನ್ನಡದಲ್ಲಿ ಬಂದ ಎಸ್‌ಎಂಎಸ್ ಬರೀ ಚೌಕಗಳಾಗಿ ಕಾಣುತ್ತದೆ. ಒಟಿಪಿಯ ಅಂಕಿಗಳನ್ನು ಓದಲು ಅಡ್ಡಿಯಿಲ್ಲ.

ಪ್ರಶ್ನೆ: ಮಳೆಗಾಲ ಶುರುವಾದ ಮೇಲೆ ನನ್ನ ಫೋನಿನ ಇ ಮತ್ತು ಆರ್ ಕೀಗಳು ಗಟ್ಟಿಯಾಗಿ ಒತ್ತಿದರೆ ಮಾತ್ರ ಬೀಳುತ್ತವೆ. ಅಕ್ಕಿ ಡಬ್ಬಿಯಲ್ಲಿಟ್ಟೆ, ಸರಿಹೋಗಲಿಲ್ಲ.
- ಓದುಗರು, ಆಗುಂಬೆ

ಉತ್ತರ: ಅಕ್ಕಿಯನ್ನು ಅನ್ನಕ್ಕೇ ಬಿಡಿ. ಪ್ರತಿ ಕೀಯ ಕೆಳಗೂ ಬಟ್ಟಲಿನಂತೆ ಉಬ್ಬಿದ ಪುಟ್ಟ ಲೋಹದ ತಗಡು ಇರುತ್ತದೆ. ಒತ್ತಿದಾಗ ಅದು ಕುಸಿದು ಬೋರ್ಡಿನ ಮೇಲಿನ ಎರಡು ಬಿಂದುಗಳನ್ನು ಸೇರಿಸುತ್ತದೆ. ಶೀತಕ್ಕೆ ಆ ಬಿಂದುಗಳ ಮೇಲೆ ಕಿಲುಬು ಕಟ್ಟಿದೆ. ನೀರು ಆರಿದರೂ ಕಿಲುಬು ಹೋಗುವುದಿಲ್ಲ.

ಮೊದಲು ಬ್ಯಾಟರಿ, ಸಿಮ್, ಮೆಮೊರಿ ಕಾರ್ಡ್ ತೆಗೆಯಿರಿ. ನಕ್ಷತ್ರ ತಲೆಯ ಸ್ಕ್ರೂಗಳಿಗೆ ಟಾರ್ಕ್ಸ್ ಸ್ಕ್ರೂಡ್ರೈವರ್ ಬೇಕು. ಚಪ್ಪಟೆ ಮೊನೆಯದನ್ನು ತುರುಕಿದರೆ ತಲೆ ಸವೆದು ಮತ್ತೆ ಬಿಚ್ಚಲಾಗದು. ತಗಡುಗಳು ಅಂಟಿರುವ ಹಾಳೆಯನ್ನು ಒಂದು ಮೂಲೆಯಿಂದ ನಿಧಾನವಾಗಿ ಎಬ್ಬಿಸಿ, ಪೂರ್ತಿ ಕೀಳಬೇಡಿ. ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಸಿಗುವ 99 ಶೇಕಡಾ ಐಸೊಪ್ರೊಪೈಲ್ ಆಲ್ಕೋಹಾಲನ್ನು ಹತ್ತಿ ಕಡ್ಡಿಗೆ ಅದ್ದಿ ಬಿಂದುಗಳನ್ನೂ ತಗಡಿನ ಒಳಮೈಯನ್ನೂ ಒರೆಸಿ. ಥಿನ್ನರ್, ಪೆಟ್ರೋಲ್ ತಾಗಿದರೆ ಪ್ಲಾಸ್ಟಿಕ್ ಕರಗುತ್ತದೆ. ಉಪ್ಪುಕಾಗದವೂ ಬೇಡ, ಬಿಂದುವಿನ ಮೇಲಿನ ಲೇಪ ಹೋದರೆ ಕಿಲುಬು ಇನ್ನೂ ಬೇಗ ಕಟ್ಟುತ್ತದೆ. ಪೂರ್ತಿ ಆರಿದ ಮೇಲಷ್ಟೇ ಬ್ಯಾಟರಿ ಹಾಕಿ. ಒತ್ತಿದಾಗ ಟಿಕ್ ಎನ್ನದೆ ಮೆತ್ತಗೆ ಕುಸಿಯುವ ಕೀಯ ತಗಡು ಸತ್ತಿದೆ; ಹಾಳೆಯನ್ನೇ ಬದಲಿಸಬೇಕು.

ಪ್ರಶ್ನೆ: ಶಿವಮೊಗ್ಗದಲ್ಲಿ ಹಳೇ ನೋಕಿಯಾ ಇ71 ಮಾರಾಟಕ್ಕಿದೆ. ಇ63ಕ್ಕಿಂತ ಒಳ್ಳೆಯದೇ? ಏನೇನು ನೋಡಿ ಕೊಳ್ಳಬೇಕು?
- ಓದುಗರು, ಭದ್ರಾವತಿ

ಉತ್ತರ: ಇ71ರದ್ದು ಲೋಹದ ಮೈ, 3.2 ಮೆಗಾಪಿಕ್ಸೆಲ್ ಆಟೋಫೋಕಸ್ ಕ್ಯಾಮೆರಾ, ಜಿಪಿಎಸ್. ಇ63ರದ್ದು ಪ್ಲಾಸ್ಟಿಕ್, 2 ಮೆಗಾಪಿಕ್ಸೆಲ್, ಜಿಪಿಎಸ್ ಇಲ್ಲ. ಆದರೆ ಇ63ಕ್ಕೆ ಮಾಮೂಲಿ 3.5 ಮಿ.ಮೀ. ಇಯರ್‌ಫೋನ್ ಸಾಕು, ಇ71ಕ್ಕೆ 2.5ರದ್ದು ಬೇಕು. ಕರೆ, ಎಸ್‌ಎಂಎಸ್‌ಗೆ ಎರಡೂ ಒಂದೇ. ಹೆಚ್ಚು ಬೆಲೆ ಕೊಡಲು ಕಾರಣ ಕಾಣುವುದಿಲ್ಲ.

ಅಂಗಡಿಯಲ್ಲೇ *#06# ಒತ್ತಿ, ಬರುವ ಐಎಂಇಐ ಸಂಖ್ಯೆಯನ್ನು (ಪ್ರತಿ ಫೋನಿಗೂ ಬೇರೆಯಾದ ಗುರುತಿನ ಸಂಖ್ಯೆ) ಬ್ಯಾಟರಿ ಅಡಿಯ ಚೀಟಿಯೊಂದಿಗೆ ಹೋಲಿಸಿ. ಬೇರೆಯಿದ್ದರೆ ವಾಪಸ್ ಕೊಟ್ಟುಬಿಡಿ. *#92702689# ಒತ್ತಿದರೆ ಈವರೆಗೆ ಮಾತಾಡಿದ ಒಟ್ಟು ಗಂಟೆ ತೋರಿಸುತ್ತದೆ; "ಹೆಚ್ಚು ಬಳಸಿಲ್ಲ ಸಾರ್" ಎಂಬ ಮಾತಿಗೆ ಇದೇ ಸಾಕ್ಷಿ. ನೋಟ್ಸ್ ತೆರೆದು ಪ್ರತಿ ಅಕ್ಷರವನ್ನೂ ಒಮ್ಮೆ ಟೈಪಿಸಿ.

ಬ್ಯಾಟರಿ ಎರಡಕ್ಕೂ ಬಿಪಿ-4ಎಲ್, 1500 ಎಂಎಎಚ್. ಅದನ್ನು ಮೇಜಿನ ಮೇಲೆ ಮಲಗಿಸಿ ತಿರುಗಿಸಿ. ಬುಗುರಿಯಂತೆ ಸುತ್ತಿದರೆ ಉಬ್ಬಿದೆ, ಬೇಡ. "ಸೀಲ್ ಒಡೆಯದ ಒರಿಜಿನಲ್" ಎಂದರೂ ತಯಾರಾದ ವರ್ಷ ನೋಡಿ. ಲಿಥಿಯಂ ಬ್ಯಾಟರಿ ಕಪಾಟಿನಲ್ಲಿದ್ದೇ ಮುದಿಯಾಗುತ್ತದೆ. ಅದೇ ಗಾತ್ರದಲ್ಲಿ 3000 ಎಂಎಎಚ್ ಎಂದು ಬರೆದಿದ್ದರೆ ಅದು ಸುಳ್ಳು.

ಪ್ರಶ್ನೆ: ಇ63ರಲ್ಲಿ ವಾಟ್ಸಾಪ್ ಬರುತ್ತದೆಯೇ? ಮನೆಯಲ್ಲಿ ವೈಫೈ ಇದೆ. ದುಡ್ಡು ಕಳಿಸಲಾದರೂ ಆಗುತ್ತದೆಯೇ?
- ಓದುಗರು, ಸಾಗರ

ಉತ್ತರ: ವಾಟ್ಸಾಪ್ ಬರುವುದಿಲ್ಲ. ಈ ಜಾತಿಯ ಫೋನುಗಳಿಗೆ 2017ರ ಜೂನ್ 30ಕ್ಕೇ ಅದು ನಿಂತಿತು. ವೈಫೈ ಸಿಕ್ಕಿದರೂ ಈಗಿನ ಸೈಟುಗಳು ಕೇಳುವ ಹೊಸ ಭದ್ರತಾ ಕ್ರಮ ಆ ಬ್ರೌಸರಿಗೆ ಗೊತ್ತಿಲ್ಲದ್ದರಿಂದ ಹೆಚ್ಚಿನವು ತೆರೆಯುವುದೇ ಇಲ್ಲ. ದುಡ್ಡು ಕಳಿಸಲು, *99# ಒತ್ತಿ ಕರೆ ಮಾಡಿ ಬಳಸುವ ಬ್ಯಾಂಕ್ ಸೇವೆ ಇದೆ, ಇಂಟರ್‌ನೆಟ್ ಬೇಡ. ಬ್ಯಾಂಕಿಗೆ ಕೊಟ್ಟಿರುವ ನಂಬರಿನ ಸಿಮ್ಮೇ ಫೋನಿನಲ್ಲಿರಬೇಕು, ಯುಪಿಐ ಪಿನ್ ಮಾಡಿಕೊಳ್ಳಲು ಡೆಬಿಟ್ ಕಾರ್ಡ್ ಕೈಯಲ್ಲಿರಬೇಕು. ಒಂದು ಸಲಕ್ಕೆ 5,000 ರೂಪಾಯಿ ಮಿತಿ. ಸಿಗ್ನಲ್ ಸಣ್ಣದಿದ್ದರೆ ಮಧ್ಯದಲ್ಲೇ ಕಡಿದುಹೋಗುತ್ತದೆ. ಹಾಗಾದಾಗ ಮತ್ತೆ ಕಳಿಸುವ ಮುನ್ನ ಬ್ಯಾಲೆನ್ಸ್ ನೋಡಿಕೊಳ್ಳಿ.